ಬಟ್ಟೆಯ ಹಿಂಬದಿ

ಕಸೂತಿ ಬಲ್ಲ ಇಬ್ಬರು ಹೆಂಗಸರು ಮೊದಲ ಸಲ ಭೇಟಿಯಾದಾಗ ಏನು ಮಾಡುತ್ತಾರೆ, ಬಲ್ಲಿರಾ? ಒಬ್ಬಾಕೆ ತನ್ನ ಕೆಲಸವನ್ನು ಮುಂದೆ ಚಾಚುತ್ತಾಳೆ. ಇನ್ನೊಬ್ಬಾಕೆ ಅದರ ಚೆಲುವನ್ನು ಮೆಚ್ಚುವುದಕ್ಕೆ ಮೊದಲೇ ಬಟ್ಟೆಯನ್ನು ತಿರುವಿ ಹಿಂಬದಿಯನ್ನು ನೋಡುತ್ತಾಳೆ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಚಿಕ್ಕಂದಿನಿಂದಲೂ ಇದನ್ನು ಕಂಡಿದ್ದೆ. ಇದು ಸಂಶಯವಲ್ಲ, ಸ್ನೇಹದ ಮೊದಲ ಮಾತು ಎಂದು ತಿಳಿಯಲು ಮಾತ್ರ ನನಗೆ ಬಹಳ ಕಾಲ ಹಿಡಿಯಿತು.

ಹಿಂಬದಿಯನ್ನೇಕೆ ನೋಡಬೇಕು? ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತಲೇ ಸೂಜಿ ನಡೆಯಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ ಎಂಬ ಹೊಲಿಗೆಯಲ್ಲಿ ದಾರವು ಹೋಗುವಾಗ ಸಮನಾದ ತೆರಪುಗಳನ್ನು ಬಿಟ್ಟು ಸಾಗುತ್ತದೆ. ಮರಳುವಾಗ ಆ ತೆರಪುಗಳನ್ನೆಲ್ಲ ತುಂಬುತ್ತದೆ. ಮುರ್ಗಿಯು ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತದೆ. ಇವೆರಡರಲ್ಲಿಯೂ ಬಟ್ಟೆಯ ಎರಡು ಮೈಗಳು ಒಂದೇ ತೆರನಾಗಿ ಕಾಣಬೇಕು. ನೇಗಿಯು ನೇಯ್ದಂತೆಯೇ ತೋರುತ್ತದೆ. ನಾಲ್ಕನೆಯದು ಮೆಂತೆ. ಗುಣಾಕಾರದ ಗುರುತಿನಂತೆ ಒಂದರ ಮೇಲೊಂದು ಅಡ್ಡಬಿದ್ದ ಈ ಹೊಲಿಗೆ ಮೆಂತೆಯ ಕಾಳನ್ನು ನೆನಪಿಸುತ್ತದೆ. ಪರದೇಶಗಳಲ್ಲಿ ಕ್ರಾಸ್ ಸ್ಟಿಚ್ ಎಂದು ಹೆಸರಾದದ್ದೂ ಇದೇ. ಇದರಲ್ಲಿ ಮೇಲೆ ಬೀಳುವ ಎಳೆಗಳೆಲ್ಲ ಒಂದೇ ಕಡೆಗೆ ವಾಲಬೇಕು. ಇಲ್ಲವಾದರೆ ಹೊಳಪು ಒಡೆದು ಕಾಣುತ್ತದೆ.

ಗೋಪುರ, ತೇರು, ಅಂಬಾರಿಯ ಆನೆ, ತೊಟ್ಟಿಲು ಎಂದು ಚಿತ್ರಗಳು ಕವಲೊಡೆದಂತೆ, ಹೊರಟಲ್ಲಿಗೇ ದಾರ ಮರಳುವ ಹಾದಿಯನ್ನು ಕಾಣುವುದು ಕಷ್ಟ. ಆ ಹಾದಿ ಮಗ್ಗುಲಲ್ಲಿ ಕುಳಿತವರಿಂದ ಬರುವ ವಿದ್ಯೆ. ಮಧ್ಯಾಹ್ನದ ಊಟವಾದ ಮೇಲೆ ಓಣಿಯ ಹೆಂಗಸರು ನಮ್ಮಲ್ಲಿ ಸೇರುತ್ತಿದ್ದರು. “ಯಾಕವ್ವಾ, ನಿನ್ನ ಆನಿ ಸೊಂಡಿ ಹಾದಿ ತಪ್ಪೇದಲ್ಲ!” ಎಂದು ಒಬ್ಬರು ನಕ್ಕರೆ, “ಒಂದು ಎಳಿ ಹೆಚ್ಚಾಗೇದ, ಬಿಚ್ಚವ್ವಾ” ಎಂದು ಇನ್ನೊಬ್ಬರು ಸೂಜಿಯನ್ನೇ ಕಸಿದುಕೊಳ್ಳುವರು. ಸೊಸೆಯ ಬಾಣಂತನ, ಜೋಳದ ಧಾರಣೆ, ಎಳೆಗಳ ಲೆಕ್ಕ ಎಲ್ಲವೂ ಒಂದೇ ಉಸಿರಿನಲ್ಲಿ ಸಾಗುತ್ತಿದ್ದವು.

ಇಂಗ್ಲೆಂಡಿನಲ್ಲಿ ಹೊಲಿಗೆಯ ಮಾದರಿಗಳನ್ನು ಒಂದು ಬಟ್ಟೆಯ ಮೇಲೆ ಕೂಡಿಡುವ ರೂಢಿಯಿತ್ತು. ಜೇನ್ ಬಾಸ್ಟಾಕ್ ಎಂಬಾಕೆ 1598ರ ಇಸವಿಯನ್ನು ಹೊಲಿದಿಟ್ಟ ಅಂಥದೊಂದು ಬಟ್ಟೆ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಮನೆಯಲ್ಲಿ ಅಂಥ ಬಟ್ಟೆ ಇರಲಿಲ್ಲ. ಉಟ್ಟ ಇಳಕಲ್ಲ ಸೀರೆಯ ಸೆರಗೇ ಪುಸ್ತಕವಾಗಿತ್ತು. ನೆರೆಯವರ ನೆನಪೇ ಅದರ ಪ್ರತಿಯಾಗಿತ್ತು.

ಈ ಮಾತಿನ ಬೆಲೆ ನನಗೆ ತಿಳಿದದ್ದು ತಡವಾಗಿ. ನಮ್ಮವ್ವ ತಾನೇ ಎಣಿಸಿ ಕೂಡಿಸಿದ ತುಳಸಿಕಟ್ಟೆಯೊಂದಿತ್ತು. ಅದನ್ನು ನಾನು ಕಲಿಯಲಿಲ್ಲ; ಓದು, ನೌಕರಿ ಎಂದು ಮುಂದೆ ಹಾಕಿದೆ. ಅವಳು ತೀರಿಕೊಂಡ ಮೇಲೆ, ಜರಿದುಹೋದ ಸೀರೆಗಳನ್ನು ಕೊಟ್ಟು ಪಾತ್ರೆ ಕೊಂಡವಳೂ ನಾನೇ. ಆ ಗಂಟಿನಲ್ಲಿ ತುಳಸಿಕಟ್ಟೆಯೂ ಹೋಯಿತು. ಆಮೇಲೆ ಎಷ್ಟು ಸಲ ನೆನಪಿನಿಂದ ಹಾಕಲು ಕುಳಿತರೂ ಕಟ್ಟೆಯ ಒಂದು ಮೂಲೆ ಕೂಡುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ, ನೆರೆಮನೆಯಲ್ಲಿದ್ದ ಕಾಕು ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆಂದು ಕೇಳಿ ನೋಡಲು ಹೋದೆ. ಮೊಮ್ಮಗುವಿನ ಕುಂಚಿಗೆಯನ್ನು ತಂದು ತೋರಿಸಿದರು. ಅದರ ಮೇಲೆ ಅವ್ವನ ತುಳಸಿಕಟ್ಟೆ! ನನಗರಿವಿಲ್ಲದೆಯೇ ಬಟ್ಟೆಯನ್ನು ತಿರುವಿದೆ. ಹಿಂಬದಿಯೂ ಹಾಗೆಯೇ ಇತ್ತು, ಒಂದು ಗಂಟೂ ಇಲ್ಲದೆ.

“ನಿಮ್ಮವ್ವನ ಎಣಿಕೀನ ಇದು. ಮ್ಯಾಲಿನ ದೀಪಾ ಅಷ್ಟ ನಂದು” ಎಂದರು ಕಾಕು. ಅವರ ಕಣ್ಣು ಮಂದವಾಗಿತ್ತು. ಎಣಿಕೆಯನ್ನು ಅವರು ಬಾಯಲ್ಲಿ ಹೇಳಿದರು, ನಾನು ಹಾಕಿದೆ. ಸಂಜೆಯ ಹೊತ್ತಿಗೆ ಮೂಲೆ ಕೂಡಿತು.

ಬಚ್ಚಿಟ್ಟುಕೊಂಡ ಕಸೂತಿ ಬಟ್ಟೆಯೊಡನೆ ಜರಿದುಹೋಗುತ್ತದೆ. ನಾಲ್ಕು ಜನರಿಗೆ ತೋರಿಸಿದ್ದು ಉಳಿಯುತ್ತದೆ. ಆದುದರಿಂದ ನಿಮ್ಮ ಕೈಯಲ್ಲಿ ಅರ್ಧ ಮುಗಿದ ಕೆಲಸವಿದ್ದರೆ, ಮುಗಿಯಲಿ ಎಂದು ಕಾಯಬೇಡಿ. ಇಂದೇ ನೆರೆಮನೆಗೆ ಒಯ್ಯಿರಿ. ಅವರು ಹಿಂಬದಿಯನ್ನು ತಿರುವಿ ನೋಡಿದರೆ ಮುನಿಯಬೇಡಿ.