ಗೋರೆಗಾಂವಿನ ಟೆರೇಸಿನ ಮೇಲೆ ಒಬ್ಬ ಪಿಂಜಾರ ಖಾಲಾ

2025ರ ಮಾರ್ಚ್ ತಿಂಗಳು. ಎಂಟನೇ ಕ್ಲಾಸಿನ ಮಕ್ಕಳಿಗೆ "ನಮ್ಮ ಮನೆಯ ಕಸುಬು" ಅಂತ ಹತ್ತು ಸಾಲು ಬರೆಯಲು ಹೇಳಿದ್ದೆ. ಒಬ್ಬ ಹುಡುಗ "ಬಿಸಿನೆಸ್" ಅಂತ ಒಂದೇ ಪದ ಬರೆದು ಪುಸ್ತಕ ಮುಚ್ಚಿಟ್ಟಿದ್ದ. ಗಂಟೆ ಬಾರಿಸಿದ ಮೇಲೆ ಕರೆದು ಕೇಳಿದೆ. "ಮಿಸ್, ನಮ್ಮಪ್ಪ ಗಾದಿ ತುಂಬ್ತಾರ. ಪಿಂಜಾರ ಅಂತ ಬರದ್ರ ಹುಡುಗ್ರು ಆಡಿಕೊಳ್ತಾರ" ಅಂದ. ನಾನು ಏನೂ ಹೇಳಲಾರದೆ ಅವನ ಬೆನ್ನು ತಟ್ಟಿ ಕಳಿಸಿದೆ. ನನ್ನ ಅಮ್ಮಿಯ ತವರಿನವರೂ ನದಾಫರೇ. ಆ ಮಾತನ್ನು ನಾನೂ ಸ್ಟಾಫ್ ರೂಮಿನಲ್ಲಿ ಯಾವತ್ತೂ ಎತ್ತಿದವಳಲ್ಲ. ಅದಕ್ಕೇ ಈ ಲೇಖನ.

ಮೊದಲು ಹೆಸರಿನ ವಿಷಯ. ಕನ್ನಡದಲ್ಲಿ ಹತ್ತಿಯನ್ನು ಬಿಡಿಸುವುದಕ್ಕೆ "ಹಿಂಜುವುದು" ಅನ್ನುತ್ತೇವೆ. ಹಾಲು ಹಿಂದೆ "ಪಾಲ್" ಆಗಿದ್ದಂತೆ, ಹೂವು "ಪೂ" ಆಗಿದ್ದಂತೆ, ಹಿಂಜು ಕೂಡ "ಪಿಂಜು" ಆಗಿತ್ತು. ಪಿಂಜಾರ ಅನ್ನುವ ಹೆಸರು ಅದರ ಜೊತೆಗೇ ಹೋಗುವಂಥದ್ದು. "ನದ್ದಾಫ್" ಅರಬಿ ಪದ, ಅರ್ಥ ಅದೇ, ಹತ್ತಿ ಹಿಂಜುವವನು. ತೆಲುಗಿನಲ್ಲಿ ಹತ್ತಿಗೆ "ದೂದಿ" ಅನ್ನುತ್ತಾರೆ, ಆದ್ದರಿಂದ ಆಂಧ್ರ, ತೆಲಂಗಾಣದಲ್ಲಿ ಇವರು ದೂದೇಕುಲದವರು. ಉತ್ತರ ಭಾರತದಲ್ಲಿ ಧುನಿಯಾ, ಮನ್ಸೂರಿ. ಹೀಗೆ ಹೆಸರು ಬೇರೆ ಬೇರೆ ಇದ್ದರೂ ಕಸುಬು ಒಂದೇ.

ಮನ್ಸೂರಿ ಅನ್ನುವ ಹೆಸರನ್ನು ಸಮುದಾಯದವರು ಕ್ರಿ.ಶ. 922ರಲ್ಲಿ ಬಗ್ದಾದಿನಲ್ಲಿ ಮರಣದಂಡನೆಗೆ ಒಳಗಾದ ಸೂಫಿ ಹುಸೈನ್ ಇಬ್ನ್ ಮನ್ಸೂರ್ ಅಲ್-ಹಲ್ಲಾಜ್ ಅವರೊಂದಿಗೆ ಜೋಡಿಸುತ್ತಾರೆ. "ಹಲ್ಲಾಜ್" ಅಂದರೂ ಹತ್ತಿ ಹಿಂಜುವವನೇ. ಅವರು ಹತ್ತಿಯ ರಾಶಿಯತ್ತ ಬೆರಳು ತೋರಿಸಿದಾಗ ಬೀಜ ಬೇರೆ, ಅರಳೆ ಬೇರೆ ಆಯಿತು ಅನ್ನುವ ಕಥೆಯನ್ನು ಫರೀದುದ್ದೀನ್ ಅತ್ತಾರ್ ಹೇಳಿದ್ದಾರೆ. ಉರ್ದು ಕಲಿಸುವಾಗ ಮನ್ಸೂರರ ಹೆಸರನ್ನು ಎಷ್ಟೋ ಶೇರ್‌ಗಳಲ್ಲಿ ಓದಿಸುತ್ತೇವೆ. ಆ ಹೆಸರಿನ ಪಕ್ಕದಲ್ಲೇ ನಮ್ಮ ಓಣಿಯ ಗಾದಿ ಅಂಗಡಿ ಇದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ನಮ್ಮ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆ ಎಷ್ಟೋ ಪಿಂಜಾರರ ಮನೆಮಾತು ಕನ್ನಡವೇ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನದಾಫ್, ಪಿಂಜಾರ ಎರಡೂ ಪ್ರವರ್ಗ-1ರಲ್ಲಿವೆ. ಸ್ಕಾಲರ್‌ಶಿಪ್ ಅರ್ಜಿಗೆ ಈ ಹೆಸರು ಬೇಕು, ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರೆ ಬೇಡ. ಆ ಹುಡುಗನ ತೊಂದರೆ ಇದೇ ಆಗಿತ್ತು.

ಅದೇ ತಿಂಗಳ ಕೊನೆಗೆ ಈದ್ ರಜೆಯಲ್ಲಿ ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬಯಿಗೆ, ಗೋರೆಗಾಂವಿನ ಖಾಲಾನ ಮನೆಗೆ ಹೋದೆ. ಖಾಲಾ ನನ್ನ ಅಮ್ಮಿಯ ಅಕ್ಕ. ಮದುವೆಯಾಗಿ ಮುಂಬಯಿಗೆ ಬಂದವರು. ಖಾಲೂ ಕಮಾನು ಹೆಗಲಿಗೇರಿಸಿ ಗಲ್ಲಿ ಗಲ್ಲಿ ತಿರುಗಿ ಗಾದಿ ತುಂಬುತ್ತಿದ್ದರು. ಅವರು ತೀರಿಕೊಂಡು ವರ್ಷಗಳಾದವು. ಖಾಲಾ ರಜಾಯಿ, ದಿಂಬು, ಕೌದಿ ಹೊಲಿಯುವುದನ್ನು ಬಿಟ್ಟಿಲ್ಲ. ಮೂರು ಮಹಡಿಯ ಹಳೇ ಕಟ್ಟಡ, ಹತ್ತು ಬೈ ಹನ್ನೆರಡರ ಖೋಲಿ. ಅದರಲ್ಲಿ ಒಂದು ಡಬಲ್ ರಜಾಯಿ ಹಾಸಿದರೆ ಮನುಷ್ಯರಿಗೆ ನಿಲ್ಲಲು ಜಾಗವಿಲ್ಲ. ಹಾಗಾಗಿ ಅವರ ಕಾರ್ಖಾನೆ ಅಂದರೆ ಟೆರೇಸು.

ಪಿಂಜಾರರಿಗೆ ಸೀಸನ್ ಎರಡು. ಚಳಿಗೆ ಮುಂಚೆ ಒಂದು, ಚಳಿ ಮುಗಿದ ಮೇಲೆ ಒಂದು. ಮುಂಬಯಿಯಲ್ಲಿ ಚಳಿ ಅಂದರೆ ಅಷ್ಟಕ್ಕಷ್ಟೇ. ಹೀಗಾಗಿ ಖಾಲಾಗೆ ಎರಡನೆಯದೇ ದೊಡ್ಡದು. ಫೆಬ್ರವರಿಯಿಂದ ಮೇ ತನಕ ಜನ ಹಳೇ ಗಾದಿ, ರಜಾಯಿ ಬಿಚ್ಚಿಸಿ, ಹತ್ತಿ ಒಣಗಿಸಿ, ಮತ್ತೆ ತುಂಬಿಸುತ್ತಾರೆ. ಜೂನ್ ಹನ್ನೊಂದರ ಸುಮಾರಿಗೆ ಮಳೆ ಹಿಡಿದರೆ ಕೆಲಸ ಮುಗಿದಂತೆಯೇ.

ಇದಕ್ಕೆ ಕಾರಣ ಹತ್ತಿಯ ಗುಣದಲ್ಲೇ ಇದೆ. ಹತ್ತಿಯ ಒಂದು ಎಳೆ ಅಂದರೆ ಒಂದೇ ಜೀವಕೋಶ. ಒಣಗಿದಾಗ ಅದು ಚಪ್ಪಟೆಯಾಗಿ ರಿಬ್ಬನ್ನಿನಂತೆ ತಿರುಚಿಕೊಳ್ಳುತ್ತದೆ. ಈ ತಿರುಚಿದ ಎಳೆಗಳ ನಡುವೆ ಗಾಳಿ ನಿಲ್ಲುತ್ತದೆ. ರಜಾಯಿ ನಮ್ಮನ್ನು ಬೆಚ್ಚಗಿಡುವುದು ಆ ನಿಂತ ಗಾಳಿಯಿಂದ. ಆದರೆ ಹತ್ತಿ ನೀರಿನ ಹಸಿಯನ್ನೂ ಹೀರುತ್ತದೆ. ಸಾಧಾರಣ ಹವೆಯಲ್ಲೇ ತನ್ನ ತೂಕದ ನೂರಕ್ಕೆ ಎಂಟರಷ್ಟು ತೇವ ಅದರಲ್ಲಿರುತ್ತದೆ, ಮುಂಬಯಿ ಮಳೆಗಾಲದಲ್ಲಿ ಇನ್ನೂ ಹೆಚ್ಚು. ಮೇಲೆ ಮೈಭಾರ ಬಿದ್ದು ಬಿದ್ದು ಎಳೆಗಳು ಒತ್ತಿಕೊಂಡು ಗಂಟಾಗುತ್ತವೆ, ಗಾಳಿ ಹೊರಟುಹೋಗುತ್ತದೆ. ಬಿಸಿಲಿಗೆ ಹಾಕಿದರೆ ತೇವ ಆರುತ್ತದೆ, ಹಿಂಜಿದರೆ ಗಾಳಿ ವಾಪಸು ಬರುತ್ತದೆ. ಖಾಲಾ ಇದನ್ನೇ ತಮ್ಮ ರೀತಿಯಲ್ಲಿ ಹೇಳಿದರು: "ಮಂದಿ ಮ್ಯಾಲ ಮಲಗಿ ಮಲಗಿ ಹತ್ತಿಗೂ ದಣಿವಾಗಿರ್ತದವಾ. ಅದಕ್ಕೊಂದೀಟು ಬಿಸಲು ಕಾಣಸಬೇಕು, ಆಮ್ಯಾಲ ತಾನ ಏಳ್ತದ."

ಅದು ರಮಝಾನ್ ತಿಂಗಳಾಗಿತ್ತು. ಸೆಹ್ರಿ ಮುಗಿಸಿ, ಫಜ್ರ್ ನಮಾಝ್ ಮಾಡಿ, ಬೆಳಕು ಹರಿಯುವ ಹೊತ್ತಿಗೆ ಖಾಲಾ ಟೆರೇಸ್ ಮೇಲಿರುತ್ತಿದ್ದರು. ಬಿಸಿಲು ಏರುವ ಮೊದಲು ಭಾರದ ಕೆಲಸ. ಹಿಂದಿನ ದಿನ ಬಿಚ್ಚಿಟ್ಟ ಹತ್ತಿಯನ್ನು ಹಾಸಿ, ಕೈಯಿಂದ ಗಂಟು ಬಿಡಿಸಿ, ಎರಡು ಬೆತ್ತ ಹಿಡಿದು ಬಡಿಯುತ್ತಾರೆ. ತೀರಾ ಗಟ್ಟಿಯಾಗಿದ್ದರೆ ಸ್ಟೇಷನ್ ಕಡೆಯ ಮಶೀನ್ ಅಂಗಡಿಗೆ ಕಳಿಸುತ್ತಾರೆ. ಖಾಲೂನ ಕಮಾನು ಈಗ ಗೋಡೆಯ ಮೇಲಿದೆ. ಆಳೆತ್ತರದ ಮರದ ಬಿಲ್ಲು, ಅದಕ್ಕೆ ಬಿಗಿದ ನರದ ತಂತಿ. ತಂತಿಯನ್ನು ಹತ್ತಿಯೊಳಗೆ ಇಳಿಸಿ, ಎರಡೂ ತುದಿ ದಪ್ಪಗಿರುವ ಮರದ ಗುಂಡಿನಿಂದ ಮೀಟಿದರೆ ತಂತಿ ನಡುಗಿ ಎಳೆ ಎಳೆಯಾಗಿ ಹತ್ತಿ ಹಾರುತ್ತದೆ, ಧೂಳು ಕೆಳಗೆ ಬೀಳುತ್ತದೆ. ಗಲ್ಲಿಯಲ್ಲಿ ಆ ಟಂಯ್ ಟಂಯ್ ಸದ್ದು ಕೇಳಿದರೆ ಪಿಂಜಾರ ಬಂದ ಅಂತ ಗೊತ್ತಾಗುತ್ತಿತ್ತು, ಕೂಗಬೇಕಾಗಿರಲಿಲ್ಲ.

ಇನ್ನು ತುಂಬುವ ಕೆಲಸ. ಗವಸನ್ನು ಒಳಹೊರಗು ಮಾಡಿ ಹಾಸುತ್ತಾರೆ. ಅದರ ಮೇಲೆ ಹತ್ತಿಯನ್ನು ಪದರ ಪದರವಾಗಿ ಹರಡುತ್ತಾರೆ. ಸಿಂಗಲ್ ರಜಾಯಿಗೆ ಸುಮಾರು ಎರಡು ಕಿಲೋ. ಮುಚ್ಚಿದ ತುದಿಯಿಂದ ಬಾಯಿಯ ಕಡೆಗೆ ಚಾಪೆಯಂತೆ ಸುತ್ತಿ, ಬಾಯಿಯನ್ನು ಸುರುಳಿಯ ಮೇಲೆ ಹೊರಳಿಸಿ ಮತ್ತೆ ಬಿಡಿಸಿದರೆ, ಅಷ್ಟೂ ಹತ್ತಿ ಚೂರೂ ಕದಲದೆ ಒಳಗೆ ಹೋಗಿರುತ್ತದೆ. ಮೂರು ಸಲ ನೋಡಿದೆ, ಮೂರು ಸಲವೂ ನನಗೆ ಜಾದೂ ಅನ್ನಿಸಿತು. ಬಾಯಿ ಹೊಲಿದು, ಬೆತ್ತದಿಂದ ಮಟ್ಟ ಮಾಡಿ, ದಬ್ಬಣಕ್ಕೆ ದಪ್ಪ ದಾರ ಪೋಣಿಸಿ, ಗೇಣಿಗೊಂದು ಸಾಲಿನಂತೆ ಉದ್ದುದ್ದ ಹೊಲಿಗೆ ಹಾಕುತ್ತಾರೆ. ಉರ್ದುವಿನಲ್ಲಿ ಇದಕ್ಕೆ "ಡೋರೆ ಡಾಲ್ನಾ" ಅನ್ನುತ್ತಾರೆ. ಒಬ್ಬರನ್ನು ಮರುಳು ಮಾಡಿ ತನ್ನ ಕಡೆ ಸೆಳೆಯುವುದಕ್ಕೂ ಇದೇ ಮಾತಿದೆ. ಡೋರೆ ಇಲ್ಲದಿದ್ದರೆ ಹತ್ತಿಯೆಲ್ಲ ಕಾಲ ಬುಡಕ್ಕೆ ಜಾರಿ ಮೂಟೆಯಾಗುತ್ತದೆ.

ರಜಾಯಿ ಬೇರೆ, ಕೌದಿ ಬೇರೆ. ಕೌದಿಯಲ್ಲಿ ಹತ್ತಿ ಇರುವುದಿಲ್ಲ, ಹಳೇ ಸೀರೆ, ಧೋತರ, ಅಂಗಿಯ ತುಂಡುಗಳೇ ಪದರವಾಗುತ್ತವೆ. ಮರಾಠಿಯಲ್ಲಿ ಇದು ಗೋಧಡಿ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳು ಇದನ್ನೇ ಕವಂದಿ ಅನ್ನುತ್ತಾರೆ. ಅವರು ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುತ್ತಾರೆ, ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಹೂ ಇಡುತ್ತಾರೆ. ಕೆಲವರು ನಡುವಿನ ಕೊನೆಯ ತೇಪೆಯ ಕೆಳಗೆ ನಾಲ್ಕು ಅಕ್ಕಿಕಾಳು ಹಾಕಿ ಕೌದಿಯ ಹೊಟ್ಟೆ ತುಂಬಿಸುವುದೂ ಉಂಟು. ಸಿದ್ದಿಗಳಲ್ಲಿ ಮುಸ್ಲಿಮರು, ಕ್ರೈಸ್ತರು, ಹಿಂದೂಗಳು ಮೂರೂ ಇದ್ದಾರೆ. ಕೆಲವು ಕವಂದಿಗಳಲ್ಲಿ ಅರ್ಧಚಂದ್ರ, ಕೆಲವದರಲ್ಲಿ ಶಿಲುಬೆ ಕಾಣುತ್ತದೆ, ಹೊಲಿಗೆ ಮಾತ್ರ ಒಂದೇ.

ಖಾಲಾನ ವಸಂತದ ಸಂತೋಷಗಳು ಸಣ್ಣ ಸಣ್ಣವು. ಬಿಸಿಲು ಕುಡಿದ ಹತ್ತಿಯ ವಾಸನೆ ಒಂದು. ಮಧ್ಯಾಹ್ನ ಜೊಹರ್ ಆದ ಮೇಲೆ, ಆಗಷ್ಟೇ ತುಂಬಿದ ದಿಂಬಿನ ಮೇಲೆ ತಲೆಯಿಟ್ಟು ಅರ್ಧ ಗಂಟೆ ಮಲಗುವುದು ಇನ್ನೊಂದು. "ಗಿರಾಕಿಗಿಂತ ಮೊದಲು ನಾನ ಚೆಕ್ ಮಾಡಬೇಕಲ್ಲಾ" ಅಂತ ನಗುತ್ತಾರೆ. ಹಳೇ ಗಾದಿ ಬಿಚ್ಚಿದಾಗ ಸಿಗುವ ವಸ್ತುಗಳದ್ದು ಬೇರೆಯೇ ಖುಷಿ: ಹತ್ತು ಪೈಸೆಯ ನಾಣ್ಯ, ಮಗುವಿನ ಬಳೆ, ಬಣ್ಣ ಹೋದ ಬಸ್ ಟಿಕೆಟು. ಒಮ್ಮೆ ಚಿನ್ನದ ಕಿವಿಯೋಲೆಯೂ ಸಿಕ್ಕಿತ್ತಂತೆ. ಅದೇ ಸಂಜೆ ಅದನ್ನು ಮನೆಯವರಿಗೆ ಮುಟ್ಟಿಸಿದರು. "ಅಮಾನತ್ ಅದು, ನನ್ನದಲ್ಲ" ಅಂದರು. ಆ ಮನೆಯವರು ಇವತ್ತಿಗೂ ದಿಂಬು ತುಂಬಿಸಲು ಇವರ ಹತ್ತಿರವೇ ಬರುತ್ತಾರೆ.

ಭಾನುವಾರ ಬೆಳಿಗ್ಗೆ ಮೊಮ್ಮಗಳ ಜೊತೆ ಆರೇ ಕಾಲೊನಿಯ ಕಡೆ ಒಂದು ಸುತ್ತು ಹೋಗಿದ್ದೆವು. ಅಲ್ಲಿ ಕೆಂಪು ಬೂರುಗದ ಮರಗಳಿವೆ, ಮರಾಠಿಯವರು ಕಾಟೇಸಾವರ ಅನ್ನುತ್ತಾರೆ. ಎಲೆಯೇ ಇಲ್ಲದ ಮರದ ತುಂಬ ಕೆಂಪು ಹೂ ಬಿಡುವ ಕಾಲ ಆಗಲೇ ಮುಗಿದು, ಕಾಯಿ ಬಲಿಯುತ್ತಿದ್ದವು. ಬೇಸಿಗೆಯಲ್ಲಿ ಆ ಕಾಯಿ ಒಡೆದರೆ ರೇಷ್ಮೆಯಂಥ ಹತ್ತಿ ಗಾಳಿಗೆ ಹಾರುತ್ತದೆ. ಅದರ ಎಳೆ ನುಣುಪು, ತಿರುಚು ಇಲ್ಲ, ಆದ್ದರಿಂದ ನೂಲಲು ಬರುವುದಿಲ್ಲ. ದಿಂಬಿಗೆ ಮಾತ್ರ ಅದರಷ್ಟು ಹಗುರ ಇನ್ನೊಂದಿಲ್ಲ. ಕೆಳಗೆ ಬಿದ್ದದ್ದನ್ನು ಆರಿಸಿ ಮೊಮ್ಮಗಳ ದಿಂಬಿಗೆ ಸೇರಿಸುವುದು ಖಾಲಾನ ವರ್ಷ ವರ್ಷದ ಲೆಕ್ಕ. ಅವತ್ತು ಕಾಯಿ ನೋಡಿ "ಇನ್ನೂ ತಿಂಗಳು ತಡ ಅದ" ಅಂತ ಹೇಳಿ ವಾಪಸು ಬಂದರು.

ಅವತ್ತು ಮಾರ್ಚ್ 30. ನಮ್ಮ ಕಡೆ ಯುಗಾದಿ, ಅಲ್ಲಿ ಗುಡಿ ಪಾಡವಾ, ನಮಗೆ ಇಪ್ಪತ್ತೊಂಬತ್ತನೇ ರೋಝಾ. ಎದುರು ಖೋಲಿಯ ಮರಾಠಿ ಆಜಿ ಶ್ರೀಖಂಡ-ಪೂರಿಯ ಡಬ್ಬಿ ತಂದು "ಇಫ್ತಾರಿಗೆ ಇರಲಿ ಭಾಭಿ" ಅಂತ ಇಟ್ಟುಹೋದರು. ಆಜಿಯ ಮೊಮ್ಮಗಳಿಗೆ ಹೆರಿಗೆ ಹತ್ತಿರವಾಗಿತ್ತು. ಹುಟ್ಟುವ ಕೂಸಿಗಾಗಿ ಅಜ್ಜಿಯ ಹಳೇ ಸೀರೆಯಿಂದ ಗೋಧಡಿ ಹೊಲಿಸುವುದು ಅವರ ಪದ್ಧತಿ. ನೂರು ಸಲ ಒಗೆದ ಸೀರೆ ಕೂಸಿನ ಮೈಗೆ ಚುಚ್ಚುವುದಿಲ್ಲ. ಖಾಲಾ ಹಬ್ಬದ ಮೊದಲೇ ಅದನ್ನು ಮುಗಿಸಿ ಕೊಟ್ಟಿದ್ದರು, ಮಜೂರಿ ತೆಗೆದುಕೊಂಡಿರಲಿಲ್ಲ. ಸಂಜೆ ಅದೇ ಟೆರೇಸಿನಿಂದ ಎಲ್ಲರೂ ಈದ್ ಚಂದ್ರ ನೋಡಿದೆವು. ಆಜಿಗೆ ಮೊದಲು ಕಂಡಿತು.

ಇಷ್ಟು ಬರೆದು ನಿಲ್ಲಿಸಿದರೆ ಸುಳ್ಳಾಗುತ್ತದೆ. ಹತ್ತಿಯ ಧೂಳು ಎದೆಗೆ ಒಳ್ಳೆಯದಲ್ಲ. ವರ್ಷಗಟ್ಟಲೆ ಉಸಿರಾಡಿದವರಿಗೆ ಬಿಸ್ಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಎದೆ ಬಿಗಿಯುವುದು ಅದರ ಗುರುತು. ಗಿರಣಿ ಕಾರ್ಮಿಕರಲ್ಲಿ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಖಾಲಾ ಓಢಣಿ ಒದ್ದೆ ಮಾಡಿ ಮೂಗಿಗೆ ಕಟ್ಟುತ್ತಾರೆ, ಒಳ್ಳೆಯ ಮಾಸ್ಕ್ ತೆಗೆದುಕೊಳ್ಳಿ ಅಂದರೆ "ನೋಡೂಣು" ಅನ್ನುತ್ತಾರೆ. ಒಂದು ರಜಾಯಿಗೆ ಸಿಗುವ ಮಜೂರಿ ಮಾಲ್‌ನಲ್ಲಿ ಮಾರುವ ಪಾಲಿಯೆಸ್ಟರ್ ಬ್ಲಾಂಕೆಟಿನ ಬೆಲೆಗಿಂತ ಕಡಿಮೆ. ಅವರ ಮಗನೇ ಫೋಮ್ ಗಾದಿಯ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಫೋಮ್ ಕುಸಿದರೆ ಎಸೆಯಬೇಕು. ಹತ್ತಿಯನ್ನು ಹಿಂಜಿದರೆ ಮತ್ತೆ ಬಳಸಬಹುದು. ಇದು ಗೊತ್ತಿದ್ದೂ ಗಿರಾಕಿಗಳು ಕಡಿಮೆಯಾಗುತ್ತಿದ್ದಾರೆ.

ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತುಕತೆ ನಡೆದಿದೆ. ಹೊಸ ಮನೆ ದೊಡ್ಡದಿರುತ್ತದೆ, ಲಿಫ್ಟ್ ಇರುತ್ತದೆ, ಎಲ್ಲರಿಗೂ ಸಂತೋಷವೇ. ಆದರೆ ಇಪ್ಪತ್ತು ಮಹಡಿಯ ಟೆರೇಸಿಗೆ ಬೀಗ ಇರುತ್ತದೆ. "ಮನಿ ಕೊಡ್ತಾರವಾ, ಬಿಸಲು ಯಾರು ಕೊಡ್ತಾರ?" ಅಂತ ಖಾಲಾ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ವಸಂತ ಕೊನೆಯದಾದರೂ ಆಗಬಹುದು ಅನ್ನುವುದು ಅವರಿಗೆ ಗೊತ್ತು. ಹಾಗಂತ ಒಂದು ಡೋರೆಯನ್ನೂ ಅಂತರ ಹೆಚ್ಚು ಮಾಡಿ ಹಾಕಲಿಲ್ಲ.

ಪ್ರವಾದಿ ಮುಹಮ್ಮದ್ (ಸ) ಅವರ ಹಾಸಿಗೆ ಖರ್ಜೂರದ ನಾರು ತುಂಬಿದ ಚರ್ಮದ್ದಾಗಿತ್ತು ಎಂದು ಹಝ್ರತ್ ಆಯಿಶಾ (ರ) ಹೇಳಿರುವುದು ಹದೀಸ್‌ಗಳಲ್ಲಿದೆ. ತನ್ನ ಕೈಯ ದುಡಿಮೆಯಿಂದ ಉಣ್ಣುವುದಕ್ಕಿಂತ ಉತ್ತಮವಾದ ಊಟವಿಲ್ಲ, ದಾವೂದ್ (ಅ) ಹಾಗೇ ಉಣ್ಣುತ್ತಿದ್ದರು ಅನ್ನುವ ಬೋಧನೆಯೂ ಇದೆ. ಜುಮಾ ಬಯಾನ್‌ನಲ್ಲಿ ಇದನ್ನು ಕೇಳಿ ತಲೆದೂಗುವ ನಾವೇ, ಮನೆಗೆ ಬಂದು ಸಂಬಂಧ ನೋಡುವಾಗ "ಅವರು ಪಿಂಜಾರರಂತೆ" ಅಂತ ದನಿ ತಗ್ಗಿಸುತ್ತೇವೆ. ಆ ತಗ್ಗಿದ ದನಿಯನ್ನು ಮಕ್ಕಳು ಕೇಳಿಸಿಕೊಳ್ಳುತ್ತಾರೆ. ನನ್ನ ವಿದ್ಯಾರ್ಥಿ "ಬಿಸಿನೆಸ್" ಅಂತ ಬರೆದದ್ದು ಅದನ್ನು ಕೇಳಿಯೇ.

ಹೊಸ ವರ್ಷಕ್ಕೆ ಶಾಲೆ ಶುರುವಾದಾಗ ಖಾಲಾ ಕೊಟ್ಟ ದಬ್ಬಣ, ಒಂದು ಹಿಡಿ ಹತ್ತಿ ತೆಗೆದುಕೊಂಡು ಕ್ಲಾಸಿಗೆ ಹೋದೆ. ನಮ್ಮ ನಾನಾ ಹತ್ತಿ ಹಿಂಜುತ್ತಿದ್ದರು, ನಮ್ಮ ಖಾಲಾ ರಜಾಯಿ ಹೊಲಿಯುತ್ತಾರೆ ಅಂತ ಮೊದಲು ನಾನೇ ಹೇಳಿದೆ. ಆಮೇಲೆ ಹತ್ತಿ ಬಿಡಿಸಿ ತೋರಿಸಲು ಹೋದೆ, ಗಂಟು ಗಂಟಾಯಿತು. ಹಿಂದಿನ ಬೆಂಚಿನಿಂದ ಆ ಹುಡುಗ ಎದ್ದು ಬಂದ. "ಹಂಗಲ್ಲ ಮಿಸ್, ಜಗ್ಗಬಾರದು, ಬೆರಳಿನಿಂದ ಸಡಿಲ ಮಾಡಬೇಕು" ಅಂತ ನನ್ನ ಕೈಯಿಂದ ಹತ್ತಿ ತೆಗೆದುಕೊಂಡ.