ಗಡಿಯಾರದವರು ಓಲೆ ಕಂಪನಿ ಕೊಂಡಿದ್ದೇಕೆ?

ಲೆಕ್ಕ ಹಾಕಿ ನೋಡಿ, ತಲೆ ತಿರುಗುತ್ತದೆ! 2016ರಲ್ಲಿ ಟೈಟನ್ ಕಂಪನಿಯು ಕ್ಯಾರಟ್‌ಲೇನ್ ಎಂಬ ಒಡವೆ ಕಂಪನಿಯ ಶೇ. 62ರಷ್ಟು ಪಾಲನ್ನು 357 ಕೋಟಿ ರೂಪಾಯಿಗೆ ಕೊಂಡಿತು. 2023ರಲ್ಲಿ ಅದೇ ಕಂಪನಿಯ ಇನ್ನು ಶೇ. 27.18 ಪಾಲಿಗೆ ಅದೇ ಟೈಟನ್ ಕೊಡಲು ಒಪ್ಪಿದ್ದು 4,621 ಕೋಟಿ! ಮೊದಲ ವ್ಯಾಪಾರದ ಪ್ರಕಾರ ಇಡೀ ಕಂಪನಿಯ ಬೆಲೆ 600 ಕೋಟಿಯೊಳಗೆ. ಎರಡನೆಯದರ ಪ್ರಕಾರ ಸುಮಾರು 17,000 ಕೋಟಿ. ಏಳೇ ವರ್ಷದಲ್ಲಿ ಮೂವತ್ತು ಪಟ್ಟು! ಸಾಗರದ ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು ಎಂಬ ಬಗೆಗಳ ದರ ಏರಿ ಇಳಿಯುವುದನ್ನು ನೋಡುತ್ತಲೇ ಬೆಳೆದ ನಮ್ಮ ಕಡೆಯವರಿಗೂ ಇದು ಕಂಡು ಕೇಳರಿಯದ ಏರು.

ಈ ಟೈಟನ್ ಯಾರು? ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಸೇರಿ 1984ರಲ್ಲಿ ಕಟ್ಟಿದ ವಾಚ್ ಕಂಪನಿ. ಕಾರ್ಖಾನೆ ಹೊಸೂರಿನಲ್ಲಿ, ಕಚೇರಿ ನಮ್ಮ ಬೆಂಗಳೂರಿನಲ್ಲಿ. 2002ರಲ್ಲಿ ಇವರು ತಂದ ‘ಎಡ್ಜ್’ ವಾಚಿನ ಒಳಗಿನ ಯಂತ್ರದ ದಪ್ಪ ಬರೀ 1.15 ಮಿಲಿಮೀಟರ್, ಇಡೀ ವಾಚಿನದು 3.5. ಅಷ್ಟು ತೆಳುವಿನಲ್ಲಿ ಹಲ್ಲುಚಕ್ರ ತಿರುಗಿಸಬಲ್ಲವರಿಗೆ ಒಂದು ಜೊತೆ ಓಲೆ ಮಾಡುವುದು ಕಷ್ಟವೇ? ಅದೂ ಅಲ್ಲದೆ, 1990ರ ದಶಕದಿಂದಲೇ ಅವರದೇ ಒಡವೆ ಬ್ರಾಂಡ್ ತನಿಷ್ಕ್ ಇತ್ತು! ಎಕ್ಸ್-ರೇ ಹಾಯಿಸಿ ಚಿನ್ನದ ಅಪ್ಪಟತನ ಹೇಳುವ ಕ್ಯಾರಟ್‌ಮೀಟರನ್ನು ಗಿರಾಕಿಯ ಕಣ್ಣೆದುರೇ ಇಟ್ಟವರು ಅವರು. ಮತ್ತೆ ಹೊರಗಿನವರ ಒಡವೆ ಕಂಪನಿ ಏಕೆ ಬೇಕಾಯಿತು?

ಉತ್ತರ ನಮ್ಮ ಮಲೆನಾಡಿನ ಮನೆಗಳಲ್ಲೇ ಇದೆ! ತೀರ್ಥಹಳ್ಳಿ, ಹೊಸನಗರದ ಕಡೆ ಚಿನ್ನ ಕೊಳ್ಳುವುದು ಅಡಿಕೆ ಮಾರಿದ ದುಡ್ಡು ಕೈಗೆ ಬಂದಾಗ, ಮದುವೆ ಗೊತ್ತಾದಾಗ. ಅವಲಕ್ಕಿ ಸರವೋ ಬಳೆಯೋ, ಆರಿಸುವವರು ಅಮ್ಮ, ದೊಡ್ಡಮ್ಮ. ಮದುವೆ ಮುಗಿದ ಮೇಲೆ ಅದು ಬೀರು ಸೇರುತ್ತದೆ. ತನಿಷ್ಕ್ ಗೆದ್ದದ್ದು ಈ ಮದುವೆ ಚಿನ್ನವನ್ನು. ಆದರೆ ಅದೇ ಮನೆಯ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಸಂಬಳ ಬಂದ ದಿನ ಫೋನಿನಲ್ಲೇ ಒಂದು ಪುಟ್ಟ ವಜ್ರದ ಓಲೆ ಆರಿಸುತ್ತಾಳೆ. ಯಾರನ್ನೂ ಕೇಳುವುದಿಲ್ಲ, ಮುಹೂರ್ತ ನೋಡುವುದಿಲ್ಲ, ಮರುದಿನ ಆಫೀಸಿಗೂ ಅದೇ ಓಲೆ! ಈ ಗಿರಾಕಿಯನ್ನು ಹಿಡಿದದ್ದು 2008ರಲ್ಲಿ ಇಂಟರ್ನೆಟ್ಟಿನಲ್ಲೇ ಹುಟ್ಟಿದ ಕ್ಯಾರಟ್‌ಲೇನ್. ಫೋನಿನ ಕ್ಯಾಮೆರಾಕ್ಕೆ ಮುಖ ಕೊಟ್ಟರೆ ಸಾಕು, ಅವರ ಆ್ಯಪ್‌ನ ಪರದೆಯಲ್ಲಿ ಓಲೆ ಬಂದು ಕಿವಿಯ ಮೇಲೆ ಕೂರುತ್ತದೆ. ತಲೆ ಅಲ್ಲಾಡಿಸಿದರೆ ಜೊತೆಗೆ ಓಲೆಯೂ ಅಲ್ಲಾಡುತ್ತದೆ! ಟೈಟನ್‌ಗೆ ಓಲೆ ಮಾಡಲು ಬರುತ್ತಿತ್ತು. ಈ ಹುಡುಗಿಯ ಅಭ್ಯಾಸವನ್ನು ಮಾತ್ರ ಯಾವ ಕಾರ್ಖಾನೆಯಲ್ಲೂ ತಯಾರಿಸಲು ಬರುವುದಿಲ್ಲ. ದುಡ್ಡು ತೆತ್ತದ್ದು ಅದಕ್ಕೆ.

ಜಗತ್ತಿನ ಆ ತುದಿಯಲ್ಲೂ ಇದೇ ಕಥೆ! 2014ರಲ್ಲಿ ಆಪಲ್ ಕಂಪನಿ 300 ಕೋಟಿ ಡಾಲರ್‌ಗೆ ಬೀಟ್ಸ್ ಹೆಡ್‌ಫೋನ್ ಕಂಪನಿಯನ್ನು ಕೊಂಡಿತು. ಫೋನಿನ ಡಬ್ಬಿಯಲ್ಲೇ ಬಿಳಿ ಇಯರ್‌ಫೋನ್ ಇಟ್ಟುಕೊಡುತ್ತಿದ್ದವರು! ಹಾಡು ಕೇಳದಿದ್ದಾಗಲೂ ಹುಡುಗರು ಬೀಟ್ಸನ್ನು ಕೊರಳಿಗೆ ಹಾಕಿಕೊಂಡೇ ತಿರುಗುತ್ತಿದ್ದರು, ಅದು ಅವರ ಒಡವೆ. ಹಾಡಿನ ಚಂದಾ ಸೇವೆಯೂ ಅದರ ಜೊತೆಗೇ ಬಂತು. ಮರುವರ್ಷವೇ ಆಪಲ್ ಮ್ಯೂಸಿಕ್ ಶುರು. ಅದೇ 2015ರಲ್ಲಿ ಬಂದ ಆಪಲ್ ವಾಚಿನ ಪಟ್ಟಿಯನ್ನು ಗಮನಿಸಿ: ಹಿಂಬದಿಯ ಸಣ್ಣ ಗುಂಡಿ ಒತ್ತಿ ಪಕ್ಕಕ್ಕೆ ಸರಿಸಿದರೆ ಕಳಚಿಕೊಳ್ಳುತ್ತದೆ, ಇನ್ನೊಂದು ಬಣ್ಣದ್ದು ಬಂದು ಕೂರುತ್ತದೆ. ವಾಚು ಒಂದೇ, ಪಟ್ಟಿ ಸೀರೆಗೊಂದು! ಮೈಮೇಲೆ ಹಾಕಿಕೊಳ್ಳುವ ವಸ್ತುವಿನಲ್ಲಿ ಯಂತ್ರ ಎಷ್ಟೇ ಜಾಣವಾಗಿರಲಿ, ಕನ್ನಡಿಯ ಮುಂದೆ ಪಾಸಾಗಲೇಬೇಕು.

ನಮ್ಮೂರಿನ ಕೈಗಳಲ್ಲಿ ಇಂಥ ಅಂದಕ್ಕೇನು ಕಡಿಮೆ ಇದೆಯೇ? ಸಾಗರದ ಗುಡಿಗಾರರ ಉಳಿ ಗಂಧದ ಮರದಲ್ಲಿ ಎಬ್ಬಿಸುವ ಬಳ್ಳಿ, ಹೂವು ನೋಡಿ! ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ 1996ರಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿದ ಚರಕ ಸಂಸ್ಥೆಯಲ್ಲಿ, ಅಡಿಕೆ ಬೇಯಿಸಿ ಉಳಿದ ಚೊಗರೇ ಬಟ್ಟೆಗೆ ಬಣ್ಣವಾಗುತ್ತದೆ! ಆ ಬಟ್ಟೆ ‘ದೇಸಿ’ ಎಂಬ ಸ್ವಂತ ಹೆಸರಿನಲ್ಲೇ ಗಿರಾಕಿಯನ್ನು ಮುಟ್ಟುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಓಲೆ, ಚೀಲ, ಸರ ಮಾಡುವ ಹುಡುಗ ಹುಡುಗಿಯರೇ, ಹೆಸರಿಲ್ಲದ ಸರಕು ಮಾಡಿ ಪೇಟೆಯವರ ಕೈಗೆ ಕೊಟ್ಟು ಸುಮ್ಮನಾಗಬೇಡಿ. ನಿಮ್ಮ ಹೆಸರು ಹಾಕಿ ಮಾರಿ, ಕೊಂಡವರನ್ನು ನೆನಪಿಟ್ಟುಕೊಳ್ಳಿ. ನಾಳೆ ದೊಡ್ಡವರು ಬಾಗಿಲಿಗೆ ಬಂದರೆ ಅವರು ಬೆಲೆ ಕಟ್ಟುವುದು ಆ ಹೆಸರಿಗೆ, ಆ ಗಿರಾಕಿಗೆ.