ಉದುರಿದ ದವಡೆ ಹಲ್ಲಿಗೆ ಸರ್ಕಾರಿ ಸೆಟ್ಟೋ, ಖಾಸಗಿ ಸೆಟ್ಟೋ?

ಕಾರ್ತೀಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಕಳೆದ ಪರಿಷೆಯ ಮರುದಿನ ನನ್ನ ಚಿಕಿತ್ಸಾಲಯಕ್ಕೆ ಬಂದ ಹಿರಿಯರೊಬ್ಬರು, ಮೊಮ್ಮಕ್ಕಳಿಗೆಂದು ಎರಡು ಸೇರು ಕಡಲೆಕಾಯಿ ಕೊಂಡುದಾಗಿಯೂ ತಾವು ಒಂದು ಕಾಳನ್ನೂ ಬಾಯಿಗೆ ಹಾಕಲಿಲ್ಲವೆಂದೂ ಹೇಳಿದರು. ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ದುಡಿದು ನಿವೃತ್ತರಾದವರು. ಬಂದುದು ಮಲಬದ್ಧತೆ, ಹೊಟ್ಟೆಯುಬ್ಬರಕ್ಕೆ ಔಷಧ ಕೇಳಲು. ಬಾಯಿ ತೆರೆಸಿ ನೋಡಿದರೆ ಕೆಳಸಾಲಿನ ಎರಡೂ ಬದಿಯಲ್ಲಿ ದವಡೆ ಹಲ್ಲುಗಳಿಲ್ಲ. ಸೊಪ್ಪು, ಕೋಸಂಬರಿ, ಸೀಬೆಹಣ್ಣು ಬಿಟ್ಟು ವರ್ಷಗಳಾಗಿದ್ದವು. ಮೆತ್ತನೆಯ ಅನ್ನ, ಬ್ರೆಡ್ಡು, ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಇವೇ ಅವರ ಆಹಾರ; ಜೊತೆಗೆ ಸಕ್ಕರೆ ಕಾಯಿಲೆ. ತ್ರಿಫಲಾ ಚೂರ್ಣ ಬರೆದುಕೊಟ್ಟು ಕಳುಹಿಸುವುದು ಸುಲಭವಿತ್ತು. ಆದರೆ ಅಗಿಯದೆ ನುಂಗಿದ ಅನ್ನಕ್ಕೆ ಜಠರಾಗ್ನಿಯನ್ನು ದೂರಿ ಫಲವೇನು?

ಸುಶ್ರುತನು 65 ಮುಖರೋಗಗಳನ್ನು ವಿವರಿಸಿದ್ದಾನೆ. ಎಳ್ಳೆಣ್ಣೆಯ ಗಂಡೂಷ ಇರುವ ಹಲ್ಲಿಗೂ ವಸಡಿಗೂ ಹಿತವೆಂದು ನಮ್ಮ ಗ್ರಂಥಗಳು ಹೇಳುತ್ತವೆ, ನಾನೂ ಹೇಳುತ್ತೇನೆ. ಆದರೆ ಬಿದ್ದ ಹಲ್ಲನ್ನು ಮರಳಿ ಬೆಳೆಸುವ ಔಷಧ ನನ್ನ ಬಳಿ ಇಲ್ಲ. ಹಾಗೆ ಬೆಳೆಸುತ್ತೇವೆಂದು ಎಣ್ಣೆ ಮಾರುವವರನ್ನು ನಂಬಬೇಡಿರೆಂದೇ ಭಕ್ತಾದಿಗಳಲ್ಲಿ ನನ್ನ ವಿನಂತಿ. ಅವರನ್ನು ದಂತವೈದ್ಯರ ಬಳಿಗೆ ಹೋಗಿರೆಂದೆ. ಆಗ ಅವರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: "ಡಾಕ್ಟರೇ, ಸರ್ಕಾರದವರು ಪುಕ್ಕಟೆ ಕೊಡುವ ಹಲ್ಲು ಬಾಳಿಕೆ ಬರುತ್ತದೆಯೇ? ಸಾಲ ಮಾಡಿಯಾದರೂ ಖಾಸಗಿಯಲ್ಲಿಯೇ ಕಟ್ಟಿಸಲೇ?"

ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ 'ದಂತಭಾಗ್ಯ' ಯೋಜನೆಯನ್ನು ನಮ್ಮ ರಾಜ್ಯ ಸರ್ಕಾರ 2014ರ ಸುಮಾರಿಗೆ ಆರಂಭಿಸಿತು. ಮೊದಲು 60 ದಾಟಿದವರಿಗಿದ್ದುದನ್ನು ಬಳಿಕ 45ಕ್ಕೆ ಇಳಿಸಲಾಯಿತು. ಎಲ್ಲ ಹಲ್ಲು ಹೋದವರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ ಯೋಜನೆಯಿದು. ಆದುದರಿಂದ ಕೆಲವೇ ಹಲ್ಲು ಹೋದವರು ಬಿಪಿಎಲ್ ಚೀಟಿ, ಆಧಾರ್ ಹಿಡಿದು ಮೊದಲು ವಿಚಾರಿಸಿಕೊಳ್ಳಬೇಕು. ಯೋಜನೆಗೆ ಸೇರದವರಿಗೂ ಸರ್ಕಾರಿ ಕಾಲೇಜಿನ ಶುಲ್ಕ ಖಾಸಗಿಗಿಂತ ಬಹಳ ಕಡಿಮೆ. ನಮ್ಮ ಭಾಗದವರಿಗೆ ದೂರವೂ ಇಲ್ಲ. 1958ರಲ್ಲಿ ಸ್ಥಾಪನೆಯಾದ ಸರ್ಕಾರಿ ದಂತ ಮಹಾವಿದ್ಯಾಲಯ ಕೋಟೆಯ ಬಳಿ, ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲಿದೆ. ಮೆಟ್ರೋದಲ್ಲಿ ಬರುವವರು ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಬೇಕು. ಮಲ್ಲೇಶ್ವರದವರು ಕೆ.ಸಿ. ಜನರಲ್ ಆಸ್ಪತ್ರೆಯ ದಂತ ವಿಭಾಗದಲ್ಲಿ ಮೊದಲು ತೋರಿಸಿಕೊಳ್ಳಬಹುದು. ಇವೆರಡರ ನಡುವಣ ದಾರಿಯೆಂದರೆ ವಿಶ್ವೇಶ್ವರಪುರದ ವಿ.ಎಸ್. ದಂತ ಕಾಲೇಜಿನಂತಹ ಬೋಧನಾ ಆಸ್ಪತ್ರೆಗಳು.

(ಪುಕ್ಕಟೆ ಹಲ್ಲಿನ ಹಂಬಲ ನಮ್ಮಲ್ಲಿ ಮಾತ್ರವಲ್ಲ. ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ದಂತಪಂಕ್ತಿಗೆ ಜನ ಮುಗಿಬಿದ್ದರು. 1951ರಲ್ಲಿ ಸರ್ಕಾರ ಅದಕ್ಕೆ ಶುಲ್ಕ ವಿಧಿಸಲು ಹೊರಟಾಗ ಮಂತ್ರಿ ಅನ್ಯೂರಿನ್ ಬೆವನ್ ರಾಜೀನಾಮೆಯನ್ನೇ ಕೊಟ್ಟರು.)

ಹಣ ಯಾರದೆಂಬುದಕ್ಕಿಂತ ಸೆಟ್ಟು ಯಾವುದರ ಮೇಲೆ ಕೂರುತ್ತದೆಂಬುದು ಮುಖ್ಯ. ಸರ್ಕಾರಿ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ದೊರೆಯುವುದು ಅಕ್ರಿಲಿಕ್ ತಟ್ಟೆಯ ಸೆಟ್ಟು. ಇದರ ಭಾರವೆಲ್ಲ ವಸಡಿನ ಮೇಲೆ. ತಂತಿಯ ಕೊಕ್ಕೆಗಳು ಅದನ್ನು ಹಿಡಿದಿಡುತ್ತವೆಯೇ ಹೊರತು ಹೊರುವುದಿಲ್ಲ. ವರ್ಷಗಳು ಕಳೆದಂತೆ ಕೆಳಗಿನ ಮೂಳೆ ಸವೆದು ಸೆಟ್ಟು ಕುಸಿಯುತ್ತದೆ, ಪಕ್ಕದ ಹಲ್ಲಿನ ವಸಡನ್ನು ಕೆರೆಯುತ್ತದೆ. ಎರಕದ ಲೋಹದ ಸೆಟ್ಟು ಹಾಗಲ್ಲ. ಕೋಬಾಲ್ಟ್-ಕ್ರೋಮಿಯಂ ಚೌಕಟ್ಟಿನ ಪುಟ್ಟ ಆಸರೆಗಳು ಉಳಿದ ಹಲ್ಲುಗಳ ಮೇಲೆಯೇ ಕೂತು ಭಾರವನ್ನು ಹಂಚುತ್ತವೆ. ತೆಳುವಾಗಿದ್ದು ನಾಲಿಗೆಗೆ ಅಡ್ಡಿಯೂ ಕಡಿಮೆ. ಬೆಲೆ ಮಾತ್ರ ಹೆಚ್ಚು. ಬಾಗುವ ನೈಲಾನ್ ಸೆಟ್ಟು ನೋಡಲು ಚೆಂದ, ಕೊಕ್ಕೆ ಕಾಣಿಸದು. ಆದರೆ ಮುರಿದರೆ ರಿಪೇರಿ ಕಷ್ಟ, ಸಡಿಲವಾದರೆ ಒಳಪದರ ತುಂಬಿಸುವುದೂ ಕಷ್ಟ.

ಇದನ್ನೆಲ್ಲ ಪುಸ್ತಕ ನೋಡಿ ಬರೆಯುತ್ತಿಲ್ಲ. ನನಗೂ ಕೆಳಬಲದ ಮೂರು ದವಡೆ ಹಲ್ಲುಗಳಿಲ್ಲ. ಹೊಳೆಯುವ ಗಾಜಿನ ಬಾಗಿಲಿನ ಚಿಕಿತ್ಸಾಲಯವೊಂದರಲ್ಲಿ ಒಂದೇ ದಿನ ಅಚ್ಚು ತೆಗೆದು ಮೂರನೆಯ ದಿನ ಸೆಟ್ಟು ಕೈಗಿತ್ತರು. ಮೇಣದ ಮೇಲೆ ಹಲ್ಲು ಜೋಡಿಸಿ ನೋಡುವ ಹಂತವೇ ಇರಲಿಲ್ಲ, ಮತ್ತೆ ಬನ್ನಿರೆಂಬ ಮಾತೂ ಇರಲಿಲ್ಲ. ಎಂಟು ತಿಂಗಳು ಅದು ಮೇಜಿನ ಡ್ರಾಯರಿನಲ್ಲಿತ್ತು. ಹಿಂದೆ ಆಸರೆಯ ಹಲ್ಲಿಲ್ಲದ ಕಡೆ ಸೆಟ್ಟು ಅಗಿಯುವಾಗಲೆಲ್ಲ ಹಿಂಭಾಗದಲ್ಲಿ ಕೆಳಗಿಳಿದು ಮುಂದಿನ ಹಲ್ಲನ್ನು ಸನ್ನೆಗೋಲಿನಂತೆ ಮೀಟುತ್ತದೆ. ದಂತವೈದ್ಯಕ್ಕೆ ಇದೇ ಅತ್ಯಂತ ಕಠಿಣ ಸಂದರ್ಭ. ಮುಂದೆ ದಂತ ಕಾಲೇಜೊಂದರಲ್ಲಿ, ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ, ವಿದ್ಯಾರ್ಥಿನಿಯೊಬ್ಬಳು ಆರು ಬಾರಿ ಕರೆಸಿ ಮಾಡಿಕೊಟ್ಟ ಲೋಹದ ಸೆಟ್ಟೇ ಈಗ ನನ್ನ ಬಾಯಲ್ಲಿರುವುದು. ಅಂಕಗಳಿಗಾಗಿ ಮಾಡುವ ಕೆಲಸದಲ್ಲಿ ಅವಸರವಿರುವುದಿಲ್ಲವೆಂದು ಅಂದು ಅರಿತೆ.

ಆ ಆರು ಬಾರಿಯೇ ಹಲವರಿಗೆ ಅಡ್ಡಿ. ಬೆಳಗಿನ ಸಾಲು, ಆಟೋ ಖರ್ಚು, ಜೊತೆಗೆ ಬರುವ ಮಗನಿಗೆ ರಜೆಯಿಲ್ಲ. ಒಳ್ಳೆಯ ಖಾಸಗಿ ವೈದ್ಯರು ಸಂಜೆ ಸಮಯ ಕೊಡುತ್ತಾರೆ, ಫೋನು ಮಾಡಿದರೆ ಸಿಗುತ್ತಾರೆ. ನಡೆದಾಡಲು ಕಷ್ಟವಿರುವವರಿಗೆ ಹಣ ಕೊಟ್ಟು ಕೊಳ್ಳತಕ್ಕದ್ದು ಇದನ್ನೇ. ಬಿಪಿಎಲ್ ಚೀಟಿಯಿದ್ದು ಕಾಲಲ್ಲಿ ಶಕ್ತಿಯಿರುವವರು ಸಾಲ ಮಾಡಬೇಕಿಲ್ಲ. ಕೈಯಲ್ಲಿ ಸ್ವಲ್ಪ ಹಣವಿರುವವರು ಬೆಡಗಿನ ಚಿಕಿತ್ಸಾಲಯದ ಅಕ್ರಿಲಿಕ್ಕಿಗಿಂತ ಬೋಧನಾ ಆಸ್ಪತ್ರೆಯ ಲೋಹದ ಸೆಟ್ಟಿಗೆ ಅದನ್ನು ವ್ಯಯಿಸುವುದು ಲೇಸೆಂದು ನನ್ನ ಅಭಿಮತ. ಇಂಪ್ಲಾಂಟಿನ ಮಾತು ಬೇರೆ. ಸಕ್ಕರೆ ಹತೋಟಿಗೆ ಬಾರದೆ ಅದರ ಯೋಚನೆ ಬೇಡ.

ಮುದ್ರಣಾಲಯದ ಹಿರಿಯರು ಕೋಟೆಯ ಕಾಲೇಜಿಗೆ ಹೋದರು. ಕೊಟ್ಟುದು ಅಕ್ರಿಲಿಕ್ ಸೆಟ್ಟೇ. ಮೊದಲ ವಾರ ಹುಣ್ಣಾಯಿತೆಂದು ತೆಗೆದಿಡಲು ಹೊರಟವರನ್ನು ಮರಳಿ ಅಲ್ಲಿಗೇ ಕಳುಹಿಸಿದೆ; ಒತ್ತುವ ಜಾಗವನ್ನು ಉಜ್ಜಿಕೊಟ್ಟರು. ಈಗ ಹೆಸರುಬೇಳೆ ಕೋಸಂಬರಿ, ಬೆಂದ ಸೊಪ್ಪು ಸಲೀಸು. ಕಡಲೆಕಾಯಿಯನ್ನು ಇನ್ನೂ ಕುಟ್ಟಿಯೇ ತಿನ್ನುತ್ತಾರೆ.

ಸೆಟ್ಟು ಯಾವುದೇ ಆಗಲಿ, ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು. ಬಿಸಿನೀರು ತಾಗಿದರೆ ಅಕ್ರಿಲಿಕ್ ಸೊಟ್ಟಗಾಗುತ್ತದೆ. ಟೂತ್‌ಪೇಸ್ಟ್ ಗೀರು ಮೂಡಿಸುತ್ತದೆ. ಮೆದು ಬ್ರಷ್ಷು, ಸಾಧಾರಣ ಸೋಪು ಸಾಕು. ಒಂದೆರಡು ಹಲ್ಲಿನ ಸಣ್ಣ ಸೆಟ್ಟು ಹಾಕಿಕೊಂಡು ಎಂದೂ ಮಲಗಬಾರದು. ನಿದ್ದೆಯಲ್ಲಿ ಗಂಟಲಿಗಿಳಿದರೆ ಪ್ರಾಣಾಪಾಯವುಂಟು, ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಸುಲಭವಾಗಿ ಕಾಣುವುದೂ ಇಲ್ಲ. ಬೆಳಿಗ್ಗೆ ಸೆಟ್ಟು ಕಾಣದಿದ್ದು, ನುಂಗಲು ನೋವಾದರೆ ಬಾಳೆಹಣ್ಣು ನುಂಗಿಸುತ್ತ ಕೂರದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.